ಚಾನೆಲ್ ಬಂದ್ ಮಾಡುವ ಹಕ್ಕು ಯಾರದು?

"ಲೈಸೆನ್ಸ್ ಕೊಟ್ಟದ್ದು ಸರ್ಕಾರ, ಬ್ಯಾಡಾದ್ರ ಕಸ್ಕೋತಾರ. ಅದ್ರಾಗೇನೈತಿ?" ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಸುದ್ದಿವಾಹಿನಿಗಳ ಮಾತು ಬಂದರೆ ಹೀಗೆ ಹೇಳುವವರು ಬಹಳ ಮಂದಿ. ವಾಹಿನಿಗಳ ಕಿರುಚಾಟಕ್ಕೆ ಬೇಸತ್ತವರಿಗೆ ಇದು ನ್ಯಾಯವೆಂದೇ ತೋರುತ್ತದೆ. ಆದರೆ ಕಾನೂನು ಹೇಳುವುದು ಬೇರೆ.

ತಪ್ಪು ಕಲ್ಪನೆ: ಲೈಸೆನ್ಸ್ ಕೊಟ್ಟವರು ಅದನ್ನು ಕಸಿದುಕೊಳ್ಳಲೂಬಹುದು

ಸತ್ಯ: 1995ರ ಫೆಬ್ರವರಿಯಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ಕೊಟ್ಟಿತು. ಅಂದರೆ ಸರ್ಕಾರ ಅವುಗಳ ಒಡೆಯನಲ್ಲ, ಪಾಲಕ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ದೇಶದ ಭದ್ರತೆಯ ಕಾರಣ ಹೇಳಿ ಮಲಯಾಳಂನ ಮೀಡಿಯಾ ಒನ್ ವಾಹಿನಿಯ ಅನುಮತಿ ನವೀಕರಿಸಲು ನಿರಾಕರಿಸಿತು. ಕಾರಣಗಳನ್ನು ವಾಹಿನಿಗೆ ತೋರಿಸದೆ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಕೊಟ್ಟಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆ ನಿರಾಕರಣೆಯನ್ನು ರದ್ದುಪಡಿಸಿತು. ಸರ್ಕಾರವನ್ನು ಟೀಕಿಸುವುದು ಅನುಮತಿ ತಡೆಯಲು ಕಾರಣವಾಗದು ಎಂದು ಸ್ಪಷ್ಟವಾಗಿ ಹೇಳಿತು.

ನಮ್ಮ ರಾಜ್ಯದಲ್ಲೇ ಪವರ್ ಟಿವಿಯ ಪ್ರಕರಣ ಇದೆ. 2020ರ ಸೆಪ್ಟೆಂಬರಿನಲ್ಲಿ ಆ ವಾಹಿನಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಕುಟುಂಬದ ಮೇಲಿನ ಆರೋಪಗಳನ್ನು ಪ್ರಸಾರ ಮಾಡಿತ್ತು. ಒಂದು ದೂರಿನ ಮೇಲೆ ಬೆಂಗಳೂರು ಪೊಲೀಸರು ಕಚೇರಿ ಶೋಧಿಸಿ ಉಪಕರಣಗಳನ್ನು ಒಯ್ದರು. ಪ್ರಸಾರ ನಿಂತಿತು. 2024ರಲ್ಲಿ ಅದೇ ವಾಹಿನಿ ಜೆಡಿಎಸ್ ನಾಯಕರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಪ್ರಸಾರ ಮಾಡುತ್ತಿದ್ದಾಗ, ಅದರ ಲೈಸೆನ್ಸ್ ನವೀಕರಣವಾಗಿಲ್ಲವೆಂದು ಆ ಪಕ್ಷದ ವಿಧಾನ ಪರಿಷತ್ ಸದಸ್ಯರೊಬ್ಬರು ಮತ್ತು ಒಬ್ಬ ಪೊಲೀಸ್ ಅಧಿಕಾರಿ ಹೈಕೋರ್ಟ್ ಮೆಟ್ಟಿಲೇರಿದರು. ಜೂನ್ ಕೊನೆಯಲ್ಲಿ ಹೈಕೋರ್ಟ್ ಪ್ರಸಾರ ನಿಲ್ಲಿಸಲು ಹೇಳಿತು. ಜುಲೈ 12ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ಮಧ್ಯಂತರ ತಡೆ ನೀಡಿ, ಇದರಲ್ಲಿ ರಾಜಕೀಯ ಸೇಡು ಕಾಣುತ್ತಿದೆ ಎಂಬ ಅರ್ಥದ ಮಾತಾಡಿತು. ನವೀಕರಣದ ಕಾಗದ ಸರಿಯಿಲ್ಲದಿದ್ದರೆ ಅದನ್ನು ವಿಚಾರಿಸಲಿ, ತಕರಾರಿಲ್ಲ. ಆದರೆ ಅಪ್ರಿಯವಾದ ಸುದ್ದಿ ಬಂದ ಹೊತ್ತಿಗೇ ಆ ಕಾಗದ ನೆನಪಾದರೆ ಅನುಮಾನ ಪಡಲೇಬೇಕು.

ತಪ್ಪು ಕಲ್ಪನೆ: ಇದೆಲ್ಲ ತುರ್ತು ಪರಿಸ್ಥಿತಿಯ ಕಾಲಕ್ಕೇ ಮುಗಿಯಿತು

ಸತ್ಯ: ನಮ್ಮ ಭಾಗಕ್ಕೆ ಟಿವಿ ಬಂದದ್ದೇ ತುರ್ತು ಪರಿಸ್ಥಿತಿಯಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ 'ಸೈಟ್' ಪ್ರಯೋಗ ನಡೆಯಿತು. ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಆಗ ರಾಯಚೂರು ಜಿಲ್ಲೆಯಲ್ಲಿದ್ದವು; ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಬೇಸಾಯ, ಆರೋಗ್ಯ, ಶಾಲಾ ಪಾಠ ಎಲ್ಲವೂ ಬಂತು, ಅದು ದೊಡ್ಡ ಕೆಲಸವೇ. ಆದರೆ ಪತ್ರಿಕೆಗಳಿಗೆ ಸೆನ್ಸಾರ್ ಬಿದ್ದಿದ್ದ ಆ ವರ್ಷ ಟಿವಿ ಸರ್ಕಾರದ್ದೇ ಬಾಯಿ. ಆಕಾಶವಾಣಿ, ದೂರದರ್ಶನಗಳಿಗೆ ಸ್ವಾಯತ್ತತೆ ಕೊಡಬೇಕೆಂದು ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲೇ ಹೇಳಿತು. ಪ್ರಸಾರ ಭಾರತಿ ಕಾಯ್ದೆ ಬಂದದ್ದು 1990ರಲ್ಲಿ, ಜಾರಿಯಾದದ್ದು 1997ರಲ್ಲಿ.

ಆಮೇಲೆಯೂ ಒತ್ತಡ ನಿಲ್ಲಲಿಲ್ಲ, ವೇಷ ಬದಲಿಸಿತು. 2019ರ ಅಕ್ಟೋಬರಿನಲ್ಲಿ ಅಂದಿನ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ವಿಧಾನಸಭೆಯೊಳಗೆ ಖಾಸಗಿ ವಾಹಿನಿಗಳ ಕ್ಯಾಮೆರಾ ಬೇಡವೆಂದರು. 2014ರಲ್ಲಿ ಪಕ್ಕದ ತೆಲಂಗಾಣದಲ್ಲಿ ಎರಡು ತೆಲುಗು ಸುದ್ದಿವಾಹಿನಿಗಳನ್ನು ಕೇಬಲ್‌ನವರೇ ತೆಗೆದುಹಾಕಿದರು. ಬೇರೆ ಬೇರೆ ಪಕ್ಷಗಳ ಆಳ್ವಿಕೆಯಲ್ಲೂ ಇಂಥದು ನಡೆದಿದೆ. ಒಂದು ಪಕ್ಷವನ್ನಷ್ಟೇ ಬೈದು ಸುಮ್ಮನಾಗುವವರು ಇದನ್ನು ಗಮನಿಸಬೇಕು.

ತಪ್ಪು ಕಲ್ಪನೆ: ಅಧಿಕಾರಿಯೊಬ್ಬರು ಫೋನ್ ಮಾಡಿದರೆ ಕೇಬಲ್‌ನವರು ಚಾನೆಲ್ ತೆಗೆಯಲೇಬೇಕು

ಸತ್ಯ: 1995ರ ಕೇಬಲ್ ಕಾಯ್ದೆಯ 19ನೇ ಕಲಮು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳಿಗೆ ಅಧಿಕಾರ ಕೊಟ್ಟಿದೆ, ನಿಜ. ಆದರೆ ಕಾರ್ಯಕ್ರಮ ನಿಯಮ ಮೀರಿರಬೇಕು ಅಥವಾ ಸಮುದಾಯಗಳ ನಡುವೆ ದ್ವೇಷ ಹಬ್ಬಿಸುವಂತೆಯೋ ಸಾರ್ವಜನಿಕ ಶಾಂತಿ ಕದಡುವಂತೆಯೋ ಇರಬೇಕು, ಅದಕ್ಕೆ ಆದೇಶವೂ ಬೇಕು. "ಇವತ್ತೊಂದಿನ ಆ ಚಾನೆಲ್ ಕಟ್ ಮಾಡ್ರಿ" ಎಂಬ ಬಾಯಿಮಾತು ಆದೇಶವಲ್ಲ. ಆಪರೇಟರ್‌ನ ಕಂಬ, ವೈರು, ಅನುಮತಿ ಎಲ್ಲವೂ ಅಧಿಕಾರಿಗಳ ಕೈಯಲ್ಲಿರುವಾಗ ಅವನು ಎದುರಾಡುವುದು ಕಷ್ಟ. ಅದಕ್ಕೇ ಜನ ಲಿಖಿತ ಆದೇಶ ಎಲ್ಲಿ ಎಂದು ಕೇಳಬೇಕು.

ತಪ್ಪು ಕಲ್ಪನೆ: ಚಾನೆಲ್ ನಿಂತರೆ ನಷ್ಟ ಮಾಲೀಕನಿಗೆ, ನಮಗೇನು?

ಸತ್ಯ: ಸಂವಿಧಾನದಲ್ಲಿ ಪತ್ರಕರ್ತರಿಗೆ ಪ್ರತ್ಯೇಕ ಹಕ್ಕಿಲ್ಲ. 19(1)(ಎ) ವಿಧಿಯಲ್ಲಿ ನಾಗರಿಕರಿಗಿರುವ ಹಕ್ಕೇ ಅವರದೂ, ತಿಳಿದುಕೊಳ್ಳುವ ನಮ್ಮ ಹಕ್ಕೂ ಅದರೊಳಗೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಗಂಗಾವತಿಯ ಭತ್ತದ ರೈತನಿಗೆ ಆಗ ಬೇಕಿದ್ದದ್ದು ಎಷ್ಟು ನೀರು ಹೋಯಿತು, ಬೆಳೆಗೆ ಎಷ್ಟು ಉಳಿಯುತ್ತದೆ, ಚೈನನ್ನು ಯಾರು ಯಾವಾಗ ಪರಿಶೀಲಿಸಿದ್ದರು ಎಂಬ ಉತ್ತರ. ಅಂಥ ಪ್ರಶ್ನೆಯನ್ನು ಅಧಿಕಾರಿಗಳಿಗೆ ಮುಖಾಮುಖಿ ಕೇಳಲು ವರದಿಗಾರ ಹೆದರಿದರೆ ನಷ್ಟ ಆ ರೈತನದು.

ಲಗಾಮು ಹಿಡಿಯದಿದ್ದರೆ ವಾಹಿನಿಗಳು ಹದ್ದು ಮೀರುತ್ತವೆ ಎಂಬ ದೂರಿಗೂ ದಾರಿ ಇದೆ. 2021ರ ಕೇಬಲ್ ನಿಯಮಗಳ ಪ್ರಕಾರ ಮೊದಲು ವಾಹಿನಿಗೇ ದೂರು ಕೊಡಬೇಕು, 15 ದಿನದೊಳಗೆ ಅದು ಉತ್ತರಿಸಬೇಕು, ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಪ್ರೆಸ್ ಕೌನ್ಸಿಲ್‌ಗೆ ಬರೆದು ಪ್ರಯೋಜನವಿಲ್ಲ, ಅದರ ವ್ಯಾಪ್ತಿಗೆ ಟಿವಿ ಬರುವುದಿಲ್ಲ.

ತಪ್ಪು ಕಲ್ಪನೆ: ಟಿವಿ ಬಿಟ್ಟರೆ ರೇಡಿಯೋ ಇದೆಯಲ್ಲ

ಸತ್ಯ: ಖಾಸಗಿ ಎಫ್‌ಎಂ ಮತ್ತು ಸಮುದಾಯ ಬಾನುಲಿಗಳು ತಮ್ಮದೇ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು, ಅಷ್ಟೆ. ಹವಾಮಾನ, ಸಂಚಾರ, ನೀರು-ಕರೆಂಟಿನಂಥ ಸ್ಥಳೀಯ ಮಾಹಿತಿಗೆ ಅಡ್ಡಿಯಿಲ್ಲ. ಯಲಬುರ್ಗಾದಲ್ಲಿ ಯಾರಾದರೂ ಸಮುದಾಯ ಬಾನುಲಿ ತೆರೆದರೆ ನಾಳೆ ನೀರು ಬರುವುದಿಲ್ಲ ಎಂದು ಹೇಳಬಹುದು. ಆ ನೀರಿನ ಯೋಜನೆಯ ದುಡ್ಡು ಎಲ್ಲಿ ಹೋಯಿತೆಂದು ತಾವೇ ಹುಡುಕಿ ಸುದ್ದಿ ಮಾಡಿ ಓದುವಂತಿಲ್ಲ.