ಪಾರಿವಾಳ ಸಾಕಿದ ಕೊಲೆಗಾರನ ಋಣದ ಲೆಕ್ಕ!

ದುಡ್ಡು ತಗೊಂಡು ಆಳು ಮುಗಿಸೋದು ಅವನ ಕಸುಬು. ಮನೆ ಅಂತ ಇರೋದು ಹಳೇ ಕಟ್ಟಡವೊಂದರ ಮಾಳಿಗೆ ಮೇಲಿನ ಶೆಡ್ಡು. ಜೊತೆಗೆ ಒಂದಷ್ಟು ಪಾರಿವಾಳ, ಒಂದಷ್ಟು ಪುಸ್ತಕ. ಹೆಂಡತಿ ಮಕ್ಕಳಿಲ್ಲ. ಕೆಲಸ ಕೊಡುವವನಿಗೂ ಅವನ ವಿಳಾಸ ಗೊತ್ತಿಲ್ಲ. ಕಾಗದ ಪತ್ರ ಏನಿದ್ದರೂ ಪಾರಿವಾಳದ ಕಾಲಿಗೆ ಕಟ್ಟಿದ ಚೀಟಿಯಲ್ಲೇ. ಕೂಲಿ ವರ್ಷಕ್ಕೊಂದೇ ಸಲ, ಅದೂ ಶರತ್ಕಾಲದ ಮೊದಲನೇ ದಿನ!

ಇಂಥ ರೌಡಿ ಯಾವ ಊರಲ್ಲಿದ್ದಾನೆ ಅಂತ ಪೊಲೀಸ್ ಸ್ಟೇಷನ್‌ಗೆ ಓಡಬೇಡಿ. ಅವನು ಇರೋದು 1999ರ ಅಮೆರಿಕನ್ ಚಿತ್ರ ‘ಘೋಸ್ಟ್ ಡಾಗ್: ದಿ ವೇ ಆಫ್ ದಿ ಸಮುರಾಯ್’ನಲ್ಲಿ. ಬರೆದು ನಿರ್ದೇಶಿಸಿದವರು ಜಿಮ್ ಜಾರ್ಮುಶ್. ಭೂತನಾಯಿ ಎಂಬ ಅಡ್ಡಹೆಸರಿನ ಆ ಕೊಲೆಗಾರನಾಗಿ ನಟಿಸಿದವರು ಫಾರೆಸ್ಟ್ ವಿಟೇಕರ್. ಮುಂದೆ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನ ಪಾತ್ರಕ್ಕೆ ಆಸ್ಕರ್ ಹೊಡೆದುಕೊಂಡ ಅದೇ ವಿಟೇಕರ್.

ಚರಂಡಿ, ಬೀದಿದೀಪ, ಬಸ್ ಸ್ಟ್ಯಾಂಡಿನ ಕತೆ ಬರೆಯೋ ಈ ಅಂಕಣದಲ್ಲಿ ಇಂಗ್ಲಿಷ್ ಸಿನಿಮಾಕ್ಕೇನು ಕೆಲಸ ಅಂತೀರಾ? ಕಾರಣವಿದೆ ಸ್ವಾಮಿ. ಮೇಲ್ನೋಟಕ್ಕೆ ಇದು ಗುಂಡು ಹಾರೋ ಸಿನಿಮಾ. ಒಳಗೆ ಇರೋದು ಸಾಲ ತೀರಿಸೋ ಲೆಕ್ಕ. ಗಲ್ಲಾಪೆಟ್ಟಿಗೆ ಮುಂದೆ ಕೂತು ಉದ್ರಿ ಪುಸ್ತಕ ತಿರುವಿ ಹಾಕೋ ನಮ್ಮ ಓದುಗರಿಗಿಂತ ಚೆನ್ನಾಗಿ ಅದು ಯಾರಿಗೆ ಅರ್ಥವಾದೀತು?

ಕತೆ ಇಷ್ಟೆ

ಎಂಟು ವರ್ಷದ ಹಿಂದೆ ಬೀದಿಯಲ್ಲಿ ಪುಂಡರು ಒಬ್ಬ ಕಪ್ಪು ಹುಡುಗನನ್ನು ಕೆಡವಿಕೊಂಡು ಬಡಿಯುತ್ತಿದ್ದರು. ಆ ದಾರಿಯಲ್ಲಿ ಬಂದ ಲೂಯಿ ಎಂಬ ಇಟಲಿ ಮೂಲದ ಮಾಫಿಯಾ ಮನುಷ್ಯ ಗುಂಡು ಹಾರಿಸಿದ. ಹುಡುಗ ಬದುಕಿದ. ನಾಲ್ಕು ವರ್ಷ ಕಳೆದ ಮೇಲೆ ಅದೇ ಹುಡುಗ ಲೂಯಿಯ ಬಾಗಿಲಿಗೆ ಬಂದು ನಿಂತು, ಇವತ್ತಿಂದ ನೀನು ನನ್ನ ಒಡೆಯ, ನಾನು ನಿನ್ನ ಬಂಟ ಅಂದ. ಸಮುರಾಯ್ ಅಂದರೆ ಅದೇ ತಾನೆ? ಹಳೇ ಜಪಾನಿನಲ್ಲಿ ಒಡೆಯನಿಗಾಗಿ ಕತ್ತಿ ಹಿಡಿದು, ಒಡೆಯನಿಗಾಗಿ ಸಾಯುವ ಯೋಧ.

ಅಲ್ಲಿಂದ ಲೂಯಿ ಹೇಳಿದ ಕೊಲೆಗಳನ್ನೆಲ್ಲ ಅವನು ಸದ್ದಿಲ್ಲದೆ ಮಾಡಿಕೊಟ್ಟ. ಕೊನೆಗೊಂದು ಕೇಸು ಬಂತು. ಗ್ಯಾಂಗಿನವನೇ ಒಬ್ಬ ಬಾಸ್ ವಾರ್ಗೊನ ಮಗಳ ಜೊತೆ ಸಂಬಂಧ ಇಟ್ಟುಕೊಂಡಿದ್ದ. ಅವನನ್ನು ಮುಗಿಸಬೇಕು. ಘೋಸ್ಟ್ ಡಾಗ್ ಹೋದ, ಮುಗಿಸಿದ. ಆದರೆ ಅಲ್ಲಿರಬಾರದಿದ್ದ ಬಾಸ್ ಮಗಳು ಅದೇ ಕೋಣೆಯಲ್ಲಿದ್ದಳು. ಎಲ್ಲಾ ನೋಡಿಬಿಟ್ಟಳು. ಅವಳನ್ನು ಅವನು ಮುಟ್ಟಲಿಲ್ಲ.

ಈಗ ಬಾಸಿಗೆ ಪೀಕಲಾಟ. ಕೊಲ್ಲಿಸಿದ್ದು ತಾನೇ, ಸತ್ತವನು ತನ್ನ ಮನುಷ್ಯನೇ. ಪಾಪ ಯಾರ ತಲೆಗಾದರೂ ಕಟ್ಟಬೇಕಲ್ಲ? ಕೊಂದವನನ್ನೇ ಕೊಲ್ಲಿ ಅಂತ ಅಪ್ಪಣೆಯಾಯಿತು. ಲೂಯಿಗೂ ಎಚ್ಚರಿಕೆ ಸಿಕ್ಕಿತು: ಅವನು ಸಾಯದಿದ್ದರೆ ನೀನು ಸಾಯ್ತೀಯಾ.

ಬಾಡಿಗೆ ಬಾಕಿ ಇಟ್ಟ ಡಾನ್‌ಗಳು

ಮಾಫಿಯಾ ಅಂದರೆ ಕೋಟು, ಸಿಗಾರು, ಉದ್ದನೆ ಕಾರು ಅಂತ ನಾವು ತಿಳಿದಿದ್ದೇವೆ. ಈ ಚಿತ್ರದ ಡಾನ್‌ಗಳನ್ನು ನೋಡಿದರೆ ಅಯ್ಯೋ ಅನಿಸುತ್ತೆ. ಎಲ್ಲಾ ವಯಸ್ಸಾದವರು. ಕೂತು ನೋಡೋದು ಮಕ್ಕಳ ಕಾರ್ಟೂನು. ಕ್ಲಬ್ಬಿನ ಬಾಡಿಗೆ ಬಾಕಿ, ಕಟ್ಟಡದ ಮಾಲೀಕ ಬಂದು ದಬಾಯಿಸಿ ಹೋಗ್ತಾನೆ. ಊರಿಗೆಲ್ಲ ಹೆದರಿಕೆ ಹುಟ್ಟಿಸಿ ಮಾಮೂಲು ಎತ್ತಿದವರ ಕೈಲಿ ಈಗ ಬಾಡಿಗೆಗೂ ಕಾಸಿಲ್ಲ!

ಒಂದು ದೃಶ್ಯದಲ್ಲಿ ಈ ಮುದುಕರು ‘ಘೋಸ್ಟ್ ಡಾಗ್’ ಎಂಬ ಹೆಸರು ಕೇಳಿ ಗೇಲಿ ಮಾಡ್ತಾರೆ. ಇದೆಂಥಾ ಹೆಸರು, ರ‍್ಯಾಪ್ ಹಾಡುವವರ ಹೆಸರು, ರೆಡ್ ಇಂಡಿಯನ್ನರ ಹೆಸರು ಇದ್ದಂಗಿದೆ ಅಂತಾರೆ. ಮರುಗಳಿಗೆ ತಮ್ಮ ಹುಡುಗರನ್ನು ಕರೀತಾರೆ. ಅವರಲ್ಲೊಬ್ಬನ ಹೆಸರು ‘ಹಾವು ಸ್ಯಾಮಿ’! ಥಿಯೇಟರಿನಲ್ಲಿ ನಗು ಬರೋದು ಇಂಥಾ ಕಡೆ.

ಇದು ಬರೀ ತಮಾಷೆಗೆ ಕಟ್ಟಿದ್ದಲ್ಲ. ಅಮೆರಿಕದಲ್ಲಿ 1970ರಲ್ಲಿ ‘ರಿಕೋ’ ಎಂಬ ಕಾಯ್ದೆ ಬಂತು. ಗುಂಡು ಹಾರಿಸಿದವನನ್ನಷ್ಟೇ ಅಲ್ಲ, ಹಿಂದೆ ಕೂತು ಇಡೀ ಗ್ಯಾಂಗ್ ನಡೆಸಿದವನನ್ನೂ ಒಳಗೆ ಹಾಕೋದಕ್ಕೆ ಅದು ದಾರಿ ಮಾಡಿತು. 1986ರಲ್ಲಿ ನ್ಯೂಯಾರ್ಕ್ ಮಾಫಿಯಾದ ದೊಡ್ಡ ತಲೆಗಳು ತಪ್ಪಿತಸ್ಥರೆಂದು ತೀರ್ಪಾಗಿ, 1987ರ ಜನವರಿಯಲ್ಲಿ ಮೂವರು ಮುಖ್ಯಸ್ಥರಿಗೆ ತಲಾ 100 ವರ್ಷ ಸಜೆಯಾಯಿತು. 1992ರಲ್ಲಿ ಜಾನ್ ಗೊಟ್ಟಿಯ ಸರದಿ. ಚಿತ್ರ ತೆಗೆಯೋ ಹೊತ್ತಿಗೆ ಹಳೇ ಗ್ಯಾಂಗುಗಳು ನಿಜವಾಗಿಯೂ ಸೊರಗಿದ್ದವು. ಸಮುರಾಯ್‌ಗಳ ಕಾಲ ಮುಗಿದು ನೂರಕ್ಕೂ ಹೆಚ್ಚು ವರ್ಷ ಆಗಿತ್ತು. ಮಾಫಿಯಾದ ಕಾಲ ಕಣ್ಣೆದುರೇ ಮುಗೀತಿತ್ತು. ಮುಗಿದ ಎರಡು ಕುಲಗಳನ್ನು ಎದುರುಬದುರು ನಿಲ್ಲಿಸಿದ್ದೇ ಜಾರ್ಮುಶ್ ಅವರ ಜಾಣತನ.

ಯುದ್ಧ ಮಾಡದ ಯೋಧನ ಪುಸ್ತಕ

ನಮ್ಮ ಕೊಲೆಗಾರ ದಿನಾ ಪಾರಾಯಣ ಮಾಡೋ ಪುಸ್ತಕದ ಹೆಸರು ‘ಹಗಾಕುರೆ’. ಹೇಳಿದವನು ಯಾಮಾಮೊಟೊ ತ್ಸುನೆಟೊಮೊ ಎಂಬ ಸಮುರಾಯ್. ವಿಚಿತ್ರವೆಂದರೆ ಈ ಪುಣ್ಯಾತ್ಮ ರಣರಂಗವನ್ನೇ ಕಂಡವನಲ್ಲ! ಅವನ ಕಾಲಕ್ಕೆ ಜಪಾನಿನಲ್ಲಿ ಯುದ್ಧ ನಿಂತುಹೋಗಿತ್ತು. 1700ರಲ್ಲಿ ಅವನ ಒಡೆಯ ತೀರಿಕೊಂಡ. ಹಿಂದೆಯೇ ತಾನೂ ಪ್ರಾಣ ಬಿಡಬೇಕೆಂದು ಅವನ ಮನಸ್ಸು. ಆದರೆ ಒಡೆಯನ ಹಿಂದೆ ಬಂಟರು ಸಾಯೋ ಪದ್ಧತಿಯನ್ನು ಸರ್ಕಾರ 1663ರಲ್ಲೇ ನಿಷೇಧಿಸಿತ್ತು. ಸಾಯೋದಕ್ಕೂ ಪರ್ಮಿಷನ್ ಇಲ್ಲ. ತಲೆ ಬೋಳಿಸಿ ಸನ್ಯಾಸಿಯಾದ. ಮುಂದೆ ಸುಮಾರು 1709ರಿಂದ 1716ರವರೆಗೆ ಕಿರಿಯ ಸಮುರಾಯ್ ಒಬ್ಬನ ಮುಂದೆ ಆಡಿದ ಮಾತುಗಳೇ ಈ ಪುಸ್ತಕ. ದಿನಾ ಬೆಳಿಗ್ಗೆ ಎದ್ದು ಸಾವಿಗೆ ತಯಾರಾಗು, ಒಡೆಯನ ಕೆಲಸದಲ್ಲಿ ಲಾಭ ನಷ್ಟ ಎಣಿಸಬೇಡ ಅನ್ನೋದು ಅದರ ಸಾರ.

ನಮಗೇನು ಇದು ಹೊಸದಲ್ಲ. ಅನ್ನ ಹಾಕಿದ ಒಡೆಯನ ಋಣಕ್ಕೆ ಜೋಳವಾಳಿ ಅಂತ ಹಳಗನ್ನಡದವರು ಹೆಸರೇ ಇಟ್ಟಿದ್ದಾರೆ. ಹಳೇಬೀಡಿಗೆ ಟೂರ್ ಹೋದವರು ದೇವಸ್ಥಾನದ ಬಳಿ ಒಂದು ಗರುಡ ಕಂಬ ನೋಡಿರಬಹುದು. ಹೊಯ್ಸಳ ದೊರೆ ಎರಡನೇ ವೀರಬಲ್ಲಾಳ ತೀರಿಕೊಂಡಾಗ, ಸುಮಾರು 1220ರಲ್ಲಿ, ದಂಡನಾಯಕ ಕುವರ ಲಕ್ಷ್ಮ ಹೆಂಡತಿ, ಸಂಗಡಿಗರ ಸಮೇತ ಪ್ರಾಣ ಕೊಟ್ಟ ಕತೆ ಅದರ ಮೇಲಿದೆ. ಲಕ್ಷ್ಮನಿಗೆ ಸಾಯೋದಕ್ಕೊಬ್ಬ ದೊರೆಯಾದರೂ ಇದ್ದ. ಘೋಸ್ಟ್ ಡಾಗ್‌ಗೆ ಸಿಕ್ಕಿದ ದೊರೆ ಯಾರು? ಮೇಲಿನವರ ಮುಂದೆ ಕೈಕಟ್ಟಿ ನಿಲ್ಲೋ ಲೂಯಿ!

ಎರಡು ಖಾತೆ, ಎರಡು ಲೆಕ್ಕ

ಚಿತ್ರದ ಅಸಲು ಗಂಟು ಇರೋದು ಇಲ್ಲಿ. ಆ ಹಳೇ ಗಲಾಟೆಯನ್ನು ನಮಗೆ ಎರಡು ಸಲ ತೋರಿಸ್ತಾರೆ. ಘೋಸ್ಟ್ ಡಾಗ್ ನೆನಪಿನಲ್ಲಿ ಪುಂಡನ ಪಿಸ್ತೂಲು ಅವನ ಕಡೆಗೇ ತಿರುಗಿತ್ತು, ಲೂಯಿ ಅವನ ಜೀವ ಉಳಿಸಿದ. ಲೂಯಿ ನೆನಪಿನಲ್ಲಿ ಪಿಸ್ತೂಲು ತಿರುಗಿದ್ದು ಲೂಯಿ ಕಡೆಗೆ! ಅಂದರೆ ಅವನು ಗುಂಡು ಹಾರಿಸಿದ್ದು ತನ್ನ ಜೀವ ಉಳಿಸಿಕೊಳ್ಳೋಕೆ.

ಯಾವುದು ನಿಜ? ಚಿತ್ರ ತೀರ್ಪು ಕೊಡೋದಿಲ್ಲ. ಪಾತ್ರಗಳ ಕೈಯಿಂದ ಕೈಗೆ ದಾಟೋ ಇನ್ನೊಂದು ಪುಸ್ತಕವೂ ಸುಮ್ಮನೆ ಬಂದದ್ದಲ್ಲ. ಅದು ಜಪಾನಿನ ಅಕುತಗಾವನ ‘ರಾಶೊಮೊನ್’ ಕತೆಗಳು. ಅವನ ಕತೆಗಳಿಂದಲೇ ಕುರೊಸಾವಾ 1950ರಲ್ಲಿ ಜಗತ್ಪ್ರಸಿದ್ಧ ‘ರಾಶೊಮೊನ್’ ಚಿತ್ರ ತೆಗೆದದ್ದು. ಒಂದೇ ಕೊಲೆ, ಕಂಡವರು ಹೇಳೋದು ಒಬ್ಬೊಬ್ಬರದು ಒಂದೊಂದು.

ಈಗ ಅಂಗಡಿ ಭಾಷೆಯಲ್ಲಿ ಹೇಳ್ತೀನಿ ಕೇಳಿ. ಸಾಲಗಾರನ ಪುಸ್ತಕದಲ್ಲಿ ಬಾಕಿ ಒಂದು ಜೀವ ಅಂತ ಬರೆದಿದೆ. ಕೊಟ್ಟವನ ಪುಸ್ತಕದಲ್ಲಿ ಆ ಕಲಮೇ ಇಲ್ಲ. ಆದರೂ ಸಾಲಗಾರ ವರ್ಷಾನುಗಟ್ಟಲೆ ಅಸಲು ಬಡ್ಡಿ ಕಟ್ಟುತ್ತಲೇ ಇದ್ದಾನೆ. ಮೂವತ್ತು ವರ್ಷ ಒಂದೇ ಅಂಗಡಿಯ ಶಟರ್ ಎತ್ತಿ ಇಳಿಸಿದ ಗುಮಾಸ್ತರನ್ನು ನೀವೂ ನೋಡಿದ್ದೀರಿ. ಕಷ್ಟಕಾಲದಲ್ಲಿ ಧಣಿ ಕೆಲಸ ಕೊಟ್ಟರು ಅನ್ನೋ ಒಂದೇ ಮಾತಿಗೆ ಬೇರೆ ಕಡೆ ಹೋಗದವರು. ಧಣಿಯನ್ನು ಕೇಳಿ ನೋಡಿ, ಆ ಮಾತು ಅವರಿಗೆ ನೆನಪೇ ಇರೋದಿಲ್ಲ.

ಊರೂರು ಸುತ್ತಿದ ಸರಕು

ಗ್ಯಾಂಗ್‌ಸ್ಟರ್‌ನನ್ನೂ ಸಮುರಾಯ್‌ನನ್ನೂ ಕೂಡಿಸಿದವರಲ್ಲಿ ಜಾರ್ಮುಶ್ ಮೊದಲಿಗರಲ್ಲ. 1967ರಲ್ಲೇ ಫ್ರಾನ್ಸಿನ ಮೆಲ್ವಿಲ್ ‘ಲ ಸಮುರಾಯ್’ ತೆಗೆದರು. ಅದರಲ್ಲಿ ಅಲೈನ್ ಡೆಲಾನ್ ಒಬ್ಬಂಟಿ ಕೊಲೆಗಾರ, ಜೊತೆಗೆ ಪಂಜರದ ಹಕ್ಕಿ, ಕೈಗೆ ಬಿಳಿ ಗ್ಲೌಸು. ಘೋಸ್ಟ್ ಡಾಗ್ ಕೈಯಲ್ಲೂ ಅದೇ ಬಿಳಿ ಗ್ಲೌಸು. ಅದೇ 1967ರಲ್ಲಿ ಜಪಾನಿನ ಸುಜುಕಿ ‘ಬ್ರಾಂಡೆಡ್ ಟು ಕಿಲ್’ ತೆಗೆದರು. ಅದರಲ್ಲಿ ನೀರಿನ ಪೈಪಿನೊಳಗಿಂದ ಗುಂಡು ಹಾರಿಸಿ ಕೊಲ್ಲೋ ದೃಶ್ಯವಿದೆ. ಅದನ್ನೂ ಜಾರ್ಮುಶ್ ರಾಜಾರೋಷವಾಗಿ ಎತ್ತಿಕೊಂಡಿದ್ದಾರೆ. ಅಡಗಿಸಿಟ್ಟರೆ ಕಳ್ಳತನ, ತೋರಿಸಿ ತಂದರೆ ಎರವಲು.

ಸಂಗೀತ ರ‍್ಯಾಪ್ ತಂಡ ‘ವು-ಟ್ಯಾಂಗ್ ಕ್ಲ್ಯಾನ್’ನ ರಿಜ್ಜಾನದು. ಅಮೆರಿಕದ ಬಡ ಕೇರಿಯ ಕಪ್ಪು ಹುಡುಗರು ಹಾಂಗ್‌ಕಾಂಗಿನ ಕುಂಗ್‌ಫೂ ಸಿನಿಮಾ ನೋಡಿ ಬೆಳೆದವರು, ತಂಡಕ್ಕೆ ಹೆಸರು ತಂದದ್ದೂ ಅಲ್ಲಿಂದಲೇ. ಹಾಗಾಗಿ ಕಪ್ಪು ಹುಡುಗನೊಬ್ಬ ಸಮುರಾಯ್ ಆಗೋದು ಇಲ್ಲಿ ವೇಷ ಅನಿಸೋದಿಲ್ಲ. ಪಿಸ್ತೂಲನ್ನು ಕತ್ತಿಯಂತೆ ಗಾಳಿಯಲ್ಲಿ ಬೀಸಿ ಸೊಂಟಕ್ಕೆ ಸೇರಿಸ್ತಾನಲ್ಲ, ಆಗ ನಂಬಲೇಬೇಕು.

ಊರಲ್ಲಿ ಅವನಿಗಿರೋ ಗೆಳೆಯ ಒಬ್ಬನೇ. ಐಸ್‌ಕ್ರೀಂ ಮಾರುವ ಹೈಟಿ ದೇಶದ ರೇಮಂಡ್. ಇವನಿಗೆ ಫ್ರೆಂಚ್ ಬರೋದಿಲ್ಲ, ಅವನಿಗೆ ಇಂಗ್ಲಿಷ್ ಬರೋದಿಲ್ಲ. ಒಬ್ಬ ಹೇಳಿದ್ದನ್ನೇ ಇನ್ನೊಬ್ಬ ತನ್ನ ಭಾಷೆಯಲ್ಲಿ ಹೇಳ್ತಾನೆ, ಇಬ್ಬರಿಗೂ ಗೊತ್ತಾಗೋದಿಲ್ಲ. ಆದರೂ ಇಡೀ ಚಿತ್ರದಲ್ಲಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡವರು ಇವರಿಬ್ಬರೇ. ಇನ್ನೊಬ್ಬಳು ಪರ್ಲೀನ್, ಪುಸ್ತಕದ ಹುಚ್ಚಿನ ಪುಟ್ಟ ಹುಡುಗಿ. ಈ ಮೂವರ ನಡುವೆ ಸಾಲವೂ ಇಲ್ಲ, ಬಾಕಿಯೂ ಇಲ್ಲ.

ಕೊನೇ ಜಮಾ

ಗ್ಯಾಂಗಿನವರು ಮಾಳಿಗೆ ಹತ್ತಿ ಪಾರಿವಾಳಗಳನ್ನು ಕೊಂದುಹಾಕ್ತಾರೆ. ಆಮೇಲೆ ನಡೆಯೋದು ಮಾರಣಹೋಮ. ವಾರ್ಗೊ ಸಮೇತ ಎಲ್ಲಾ ಖಲಾಸ್. ಸಾಯೋ ಹೊತ್ತಲ್ಲೂ ಒಬ್ಬ ಮುದುಕ, ಇವನು ನಮ್ಮನ್ನು ಹಳೇ ಕಾಲದ ಅಸಲಿ ಗ್ಯಾಂಗ್‌ಸ್ಟರ್‌ಗಳಂಗೆ ಕಳಿಸ್ತಿದ್ದಾನೆ ಅಂತ ಸಮಾಧಾನಪಟ್ಟುಕೊಳ್ತಾನೆ! ಅಷ್ಟೂ ಜನರಲ್ಲಿ ಲೂಯಿಗೆ ಮಾತ್ರ ಗುಂಡು ತಾಗಿದ್ದು ಭುಜಕ್ಕೆ. ಒಡೆಯನನ್ನು ಬಂಟ ಕೊಲ್ಲುವ ಹಾಗಿಲ್ಲ.

ಆದರೆ ಲೂಯಿಗೂ ಒಬ್ಬ ಒಡೆಯನಿದ್ದನಲ್ಲ, ಅವನ ಸಾವಿಗೆ ಸೇಡು ತೀರಿಸಬೇಕಲ್ಲ. ಹಾಡಹಗಲು, ಐಸ್‌ಕ್ರೀಂ ಗಾಡಿ ಪಕ್ಕ, ರೇಮಂಡ್ ಮತ್ತು ಪರ್ಲೀನ್ ನೋಡುತ್ತಿದ್ದ ಹಾಗೇ ಲೂಯಿ ಗುಂಡು ಹಾರಿಸ್ತಾನೆ. ಘೋಸ್ಟ್ ಡಾಗ್ ಕೈಲೂ ಪಿಸ್ತೂಲಿದೆ, ಒಳಗೆ ಗುಂಡಿಲ್ಲ. ಖಾಲಿ ಮಾಡಿಕೊಂಡೇ ಬಂದಿದ್ದ. ಬಾಕಿ ಚುಕ್ತಾ.

ಲೂಯಿ ಹೋಗಿ ಕಾರು ಹತ್ತುತ್ತಾನೆ. ಒಳಗೆ ಕೂತು ಅಪ್ಪಣೆ ಕೊಡ್ತಿರೋಳು ವಾರ್ಗೊನ ಮಗಳು. ಗ್ಯಾಂಗಿಗೆ ಹೊಸ ಬಾಸ್, ಲೂಯಿಗೆ ಹೊಸ ಧಣಿ. ಅಂಗಡಿ ಬೋರ್ಡು ಬದಲಾಯಿತು, ಗುಮಾಸ್ತಿಕೆ ಅದೇ.

ಒಂದು ಮಾತು ಹೇಳಲೇಬೇಕು. ನಿಯತ್ತು ಎಷ್ಟೇ ದೊಡ್ಡದಾದರೂ ಕೊಲೆ ಕೊಲೆಯೇ. ಋಣ ತೀರಿಸಿದ್ದು ಇವನು, ಅದಕ್ಕೆ ಬೆಲೆ ತೆತ್ತವರು ಯಾರ‍್ಯಾರೋ. ಸತ್ತವರ ಮನೆಯವರ ಗೋಳು ಚಿತ್ರದಲ್ಲಿ ಕಾಣೋದಿಲ್ಲ. ನೋಡುವವರು ಅದನ್ನು ಮರೆಯಬಾರದು.

ಹಾಗಂತ ಇವನನ್ನು ಹುಚ್ಚ ಅಂತ ತಳ್ಳಿಹಾಕೋಕೂ ಆಗೋದಿಲ್ಲ. ಕಾಗದ, ಸ್ಟಾಂಪು ಇಟ್ಟು ಮಾಡಿದ ಸಾಲಕ್ಕೇ ನಾಮ ಹಾಕುವವರ ನಡುವೆ, ಯಾರೂ ಕೇಳದ ಸಾಲವನ್ನು ಪೂರ್ತಿ ಕಟ್ಟಿ ಹೋದವನು ಇವನು. ತಪ್ಪು ಇದ್ದದ್ದು ಅವನ ನಿಯತ್ತಿನಲ್ಲಲ್ಲ, ಅದನ್ನು ಯಾರ ಹೆಸರಿಗೆ ಬರೆದ ಅನ್ನೋದರಲ್ಲಿ. ಚಿತ್ರದ ಕೊನೆಯಲ್ಲಿ ‘ಹಗಾಕುರೆ’ ಪುಸ್ತಕ ಪರ್ಲೀನ್ ಕೈಯಲ್ಲಿದೆ. ಹುಡುಗಿ ಓದುತ್ತಾ ಕೂತಿದ್ದಾಳೆ. ಅವಳು ಯಾರ ಖಾತೆ ತೆರೀತಾಳೋ, ನೋಡಬೇಕು.