ಟ್ರೇಲರ್ ಚಕ್ರಕ್ಕೆ ಗಾಳಿ ಪಂಪು: ಕೊಳ್ಳುವ ಮುನ್ನ ತಿಳಿಯಿರಿ



ಅಟ್ಟದಿಂದ ಇಳಿಸಿ ಸುಲಿಸಿದ ಉಂಡೆ ಕೊಬ್ಬರಿ ಚೀಲ ತುಂಬಿ ಟ್ರೇಲರಿಗೇರಿದೆ. ಬೆಳಗಾದರೆ ತಿಪಟೂರು ಮಾರುಕಟ್ಟೆಯಲ್ಲಿ ಹರಾಜು. ಹೊರಡುವ ಹೊತ್ತಿಗೆ ನೋಡಿದರೆ ಜಾಲಿ ಮುಳ್ಳು ಚುಚ್ಚಿ ಒಂದು ಚಕ್ರದ ಗಾಳಿ ಇಳಿದಿದೆ. ಪಂಕ್ಚರ್ ಅಂಗಡಿ ಐದಾರು ಕಿಲೋಮೀಟರ್ ದೂರ. ಹಾಗೆಯೇ ಎಳೆದರೆ ಟೈರಿನ ಮಗ್ಗುಲು ಮಡಿಚಿ ಕಾದು, ಒಳಗಿನ ನೂಲು ಹರಿದು ಟೈರೇ ಹಾಳಾಗುತ್ತದೆ. ಬೇಸಿಗೆಯಲ್ಲಿ ತೆಂಗಿನ ತೋಟಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಯುವವರಿಗೂ ಇದೇ ಪಾಡು. 4,000 ಲೀಟರ್ ನೀರೆಂದರೆ 4 ಟನ್ ಭಾರವಲ್ಲವೇ?

ಇಂಥ ಹೊತ್ತಿಗೆಂದು ಟ್ರಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪುಗಳು ಸಿಗುತ್ತವೆ. ಆದರೆ ಎಲ್ಲವೂ ನಮ್ಮ ಕೆಲಸಕ್ಕೆ ಒದಗುವುದಿಲ್ಲ.

ಒತ್ತಡವೊಂದೇ ಸಾಲದು: ಡಬ್ಬಿಯ ಮೇಲೆ ‘150 ಪೌಂಡ್’ ಎಂದು ಬರೆದಿರುವುದಕ್ಕೆ ಮರುಳಾಗಬೇಡಿ. ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ ಎಂದು ಕೇಳಿರಿ. ಟ್ರೇಲರ್ ಟೈರಿನೊಳಗೆ ಸುಮಾರು 80 ಲೀಟರ್ ಜಾಗ ಎಂದಿಟ್ಟುಕೊಳ್ಳಿ. ಅದನ್ನು 40 ಪೌಂಡಿನಿಂದ 70ಕ್ಕೆ ಏರಿಸಲು ಸುಮಾರು 165 ಲೀಟರ್ ಹೊರಗಿನ ಗಾಳಿ ಬೇಕು. ನಿಮಿಷಕ್ಕೆ 35 ಲೀಟರ್ ಕೊಡುವ ಪಂಪಿಗೆ ಲೆಕ್ಕದಂತೆ ಐದು ನಿಮಿಷದ ಕೆಲಸ. 10 ಲೀಟರಿನದಕ್ಕೆ ಹದಿನಾರು ನಿಮಿಷ. ಒತ್ತಡ ಏರಿದಂತೆ ಪಂಪಿನ ವೇಗ ಕುಗ್ಗುವುದರಿಂದ ವಾಸ್ತವವಾಗಿ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ.

ವಿಶ್ರಾಂತಿ: ಸಣ್ಣ ಪಂಪುಗಳು ಬೇಗ ಕಾಯುತ್ತವೆ. ಒಂದೇ ಸಮನೆ ಎಷ್ಟು ನಿಮಿಷ ನಡೆಸಬಹುದು, ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಪಂಪಿನ ಜೊತೆ ಬರುವ ಪುಸ್ತಕದಲ್ಲಿ ನೋಡಿ ತಿಳಿಯಿರಿ.

ವೈರು ಮತ್ತು ಪೈಪು: ಕಾರಿನ ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಪಂಪು ಬೈಕು, ಕಾರಿಗೆ ಸರಿ. ನಮಗೆ ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದೇ ಒಳ್ಳೆಯದು. ಕೊಳ್ಳುವ ಮೊದಲು ಬ್ಯಾಟರಿಯಿಂದ ಟ್ರೇಲರಿನ ಚಕ್ರದವರೆಗೆ ಹಗ್ಗ ಹಿಡಿದು ಅಳೆದುಕೊಳ್ಳಿ. ಸಣ್ಣ ವೈರನ್ನು ಉದ್ದ ಮಾಡಿದರೆ ವೋಲ್ಟೇಜ್ ಇಳಿದು ಪಂಪು ಸೊರಗುತ್ತದೆ. ಗಾಳಿ ಪೈಪು ಉದ್ದವಿದ್ದರೆ ತೊಂದರೆಯಿಲ್ಲ. ಪಂಪು ನಡೆಯುವಾಗ ಎಂಜಿನ್ ಚಾಲೂ ಇರಲಿ, ಆದರೆ ಮುಚ್ಚಿದ ಕೊಟ್ಟಿಗೆಯೊಳಗೆ ಬೇಡ, ಹೊಗೆಯಿಂದ ಪ್ರಾಣಾಪಾಯವುಂಟು.

ಎಷ್ಟು ಗಾಳಿ? ಟ್ರಾಕ್ಟರಿನ ಹಿಂದಿನ ದೊಡ್ಡ ಟೈರಿಗೆ ಸಾಮಾನ್ಯವಾಗಿ 12ರಿಂದ 20 ಪೌಂಡ್ ಸಾಕು. ಟ್ರೇಲರಿಗೆ ಅದರ ಮೂರು ನಾಲ್ಕು ಪಟ್ಟು ಬೇಕಾಗುತ್ತದೆ. ಮಿತಿಯನ್ನು ಟೈರಿನ ಮಗ್ಗುಲಲ್ಲೇ ಅಚ್ಚೊತ್ತಿರುತ್ತಾರೆ. ಬೆಳಿಗ್ಗೆ, ಟೈರು ತಣ್ಣಗಿರುವಾಗ ಅಳೆಯಿರಿ.

ಎಚ್ಚರಿಕೆ: ಗಾಳಿ ಹಾಕುವಾಗ ಚಕ್ರದ ಎದುರು ಕೂರದೆ ಪಕ್ಕಕ್ಕೆ ಸರಿದು ನಿಲ್ಲಿರಿ. ಲಾಕ್ ರಿಂಗ್ ಇರುವ ಚಕ್ರದಲ್ಲಿ ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಗಾಳಿಯಿಲ್ಲದೆ ಓಡಿದ ಟೈರಿಗೆ ಮನೆಯಲ್ಲಿ ಗಾಳಿ ತುಂಬಬೇಡಿ. ಬಿಚ್ಚಿಸಿ ಒಳಗೆ ನೋಡಿಸಿರಿ.

ಕೊನೆಯದಾಗಿ, ಟ್ರೇಲರನ್ನು ಅಂಗಡಿಯ ಮುಂದೆಯೇ ನಿಲ್ಲಿಸಿ, ನಿಮ್ಮ ಟೈರಿಗೇ ಗಾಳಿ ಹಾಕಿ ತೋರಿಸಲು ಕೇಳಿರಿ. ಕೈಗಡಿಯಾರ ನೋಡಿಕೊಳ್ಳಿರಿ. ಹಣ ಎಣಿಸುವುದು ಆಮೇಲೆ.