ಚೆಸ್ ಪ್ರೋಗ್ರಾಂ ಎಲ್ಲಿ ಹೆಚ್ಚು ಆಳಕ್ಕಿಳಿಯಬೇಕು?

ಚೆಸ್ ಆಟದ ನಡುಘಟ್ಟದಲ್ಲಿ ಆಡುವವರ ಮುಂದೆ ಸಾಮಾನ್ಯವಾಗಿ 30ಕ್ಕೂ ಹೆಚ್ಚು ನಡೆಗಳಿರುತ್ತವೆ. ಪ್ರತಿಯೊಂದಕ್ಕೂ ಎದುರಾಳಿಯ ಬಳಿ ಹೆಚ್ಚುಕಡಿಮೆ ಅಷ್ಟೇ ಉತ್ತರಗಳು. ಕವಲುಗಳು ಹೀಗೆ ಬೆಳೆಯುವುದರಿಂದ ಎಷ್ಟೇ ವೇಗದ ಕಂಪ್ಯೂಟರೂ ಒಂದು ಆಳದಲ್ಲಿ ಹುಡುಕಾಟ ನಿಲ್ಲಿಸಿ, ಅಲ್ಲಿನ ಸ್ಥಿತಿಗೆ ಅಂಕ ಕೊಡಲೇಬೇಕು. ಎಲ್ಲ ಕವಲುಗಳನ್ನೂ ಒಂದೇ ಆಳದಲ್ಲಿ ನಿಲ್ಲಿಸಿದರೆ ತೊಂದರೆ ಶುರುವಾಗುತ್ತದೆ.

ಪ್ರೋಗ್ರಾಂ ಎಂಟು ನಡೆ ಮುಂದೆ ನೋಡುತ್ತಿದೆ ಎನ್ನಿ. ಒಬ್ಬರ ಒಂದು ಸರದಿಯನ್ನೇ ಇಲ್ಲಿ ಒಂದು ನಡೆ ಎಂದು ಎಣಿಸುತ್ತೇವೆ. ಅದರ ಒಂಟೆ ಮೂಲೆಯಲ್ಲಿ ಸಿಕ್ಕಿಬಿದ್ದಿದೆ, ಉಳಿಸುವ ದಾರಿಯಿಲ್ಲ. ಆಗ ಅದು ಕಾಲಾಳುಗಳನ್ನು ಒಂದೊಂದಾಗಿ ಬಲಿಕೊಟ್ಟು, ಒಂಟೆ ಬೀಳುವುದನ್ನು ಎಂಟನೆಯ ನಡೆಯಾಚೆಗೆ ತಳ್ಳುತ್ತದೆ. ಅಷ್ಟು ದೂರದ ನಷ್ಟ ಅದರ ಲೆಕ್ಕಕ್ಕೇ ಬರುವುದಿಲ್ಲ. ಕೊನೆಗೆ ಕಾಲಾಳುಗಳೂ ಹೋಗುತ್ತವೆ, ಒಂಟೆಯೂ ಹೋಗುತ್ತದೆ. ಕಂಪ್ಯೂಟರ್ ಚೆಸ್ ಸಂಶೋಧಕ ಹ್ಯಾನ್ಸ್ ಬರ್ಲಿನರ್ 1970ರ ದಶಕದಲ್ಲಿ ಇದನ್ನು ‘ಹೊರೈಜನ್ ಎಫೆಕ್ಟ್’ ಎಂದು ಗುರುತಿಸಿದರು.

ಇದಕ್ಕೆ ಒಂದು ಮದ್ದು ಹುಡುಕಾಟದ ವಿಸ್ತರಣೆ. ನಡೆಯೊಂದನ್ನು ಆಡಿದಾಗ ಉಳಿದ ಆಳದಲ್ಲಿ 1 ಕಳೆಯುವುದು ವಾಡಿಕೆ. ಮುಖ್ಯವಾದ ನಡೆ ಬಂದಾಗ ಆ 1 ಕಳೆಯದೆ ಬಿಟ್ಟರೆ, ಆ ಕವಲು ಮಾತ್ರ ಇನ್ನೊಂದು ಮೆಟ್ಟಿಲು ಕೆಳಗೆ ಹೋಗುತ್ತದೆ.

ಹಳೆಯ, ಸರಳ ಉಪಾಯಗಳಲ್ಲೊಂದು ಚೆಕ್ ವಿಸ್ತರಣೆ. ರಾಜನಿಗೆ ಚೆಕ್ ಬಿದ್ದಾಗ ಉತ್ತರಗಳು ಬೆರಳೆಣಿಕೆಯಷ್ಟು, ಹಾಗಾಗಿ ಹೆಚ್ಚುವರಿ ಆಳಕ್ಕೆ ತಗಲುವ ಸಮಯವೂ ಕಡಿಮೆ. ಕಾಯಿ ಕಳೆದುಕೊಂಡ ಮನೆಯಲ್ಲೇ ತಿರುಗಿ ಹೊಡೆಯುವಾಗ, ಕಾಲಾಳು ಏಳನೆಯ ಸಾಲು ಮುಟ್ಟಿದಾಗ, ಆಡಲು ಒಂದೇ ನಡೆ ಉಳಿದಾಗಲೂ ಹಲವು ಪ್ರೋಗ್ರಾಂಗಳು ಹೀಗೇ ಮಾಡಿವೆ.

ಇವೆಲ್ಲ ನಡೆಯ ಹೊರರೂಪ ನೋಡಿ ತೀರ್ಮಾನಿಸುವ ನಿಯಮಗಳು. ‘ಸಿಂಗ್ಯುಲರ್ ಎಕ್ಸ್‌ಟೆನ್ಷನ್’ ಹಾಗಲ್ಲ, ಅದು ಹುಡುಕಿಯೇ ತಿಳಿಯುತ್ತದೆ. ಇದನ್ನು ರೂಪಿಸಿದವರು ಥಾಮಸ್ ಅನಂತರಾಮನ್, ಮುರ್ರೆ ಕ್ಯಾಂಪ್‌ಬೆಲ್ ಮತ್ತು ಫೆಂಗ್-ಷಿಯುಂಗ್ ಷು. ಕ್ಯಾಂಪ್‌ಬೆಲ್ ಮತ್ತು ಷು ಮುಂದೆ, 1997ರಲ್ಲಿ ಚೆಸ್ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಕಂಪ್ಯೂಟರಿನ ತಂಡದಲ್ಲಿದ್ದರು. ಸ್ಟಾಕ್‌ಫಿಶ್‌ನಂಥ ಇಂದಿನ ಪ್ರೋಗ್ರಾಂಗಳಲ್ಲಿ ಇದರ ಕ್ರಮ ಹೀಗಿದೆ: ಹಿಂದಿನ ಹುಡುಕಾಟದಲ್ಲಿ ಉತ್ತಮವೆನಿಸಿ ನೆನಪಿನ ಪಟ್ಟಿಯಲ್ಲಿ ಉಳಿದಿರುವ ನಡೆಯನ್ನು ಬದಿಗಿಟ್ಟು, ಮಿಕ್ಕೆಲ್ಲ ನಡೆಗಳನ್ನು ಸುಮಾರು ಅರ್ಧ ಆಳದಲ್ಲಿ ಪರೀಕ್ಷಿಸಬೇಕು. ಯಾವುದೂ ಆ ನಡೆಯ ಅಂಕದ ಹತ್ತಿರ ಸುಳಿಯದಿದ್ದರೆ ಆ ಸ್ಥಿತಿ ಅದೊಂದೇ ನಡೆಯ ಮೇಲೆ ನಿಂತಿದೆ ಎಂದರ್ಥ. ಆಗ ಅದನ್ನು ಇನ್ನಷ್ಟು ಆಳಕ್ಕೆ ನೋಡಬೇಕು. ಬದಿಯ ಪರೀಕ್ಷೆಗೆ ಸಮಯ ಖರ್ಚಾದರೂ, ಆಟದ ಗತಿ ನಿಜವಾಗಿ ತಿರುಗುವ ಜಾಗ ಸಿಗುತ್ತದೆ.

ಆದರೆ ವಿಸ್ತರಣೆಗೆ ಕಡಿವಾಣ ಬೇಕು. ಚೆಕ್ ಮೇಲೆ ಚೆಕ್ ಬರುವ ಕವಲಿನಲ್ಲಿ ಆಳ ತೀರ ನಿಧಾನವಾಗಿ ಕರಗುತ್ತದೆ, ಸಮಯವೆಲ್ಲ ಅಲ್ಲೇ ಮುಗಿಯಬಹುದು. ಅದಕ್ಕೇ ಒಂದು ಕವಲು ಮೂಲ ಆಳದ ಎರಡು ಪಟ್ಟು ಮೀರಿದ ಮೇಲೆ ವಿಸ್ತರಿಸದಂತೆ ಮಿತಿ ಹಾಕುವುದುಂಟು. ಪೂರ್ತಿ 1ರ ಬದಲು ಅರ್ಧದಷ್ಟೇ ಆಳ ಕೊಡುವ ಪದ್ಧತಿಯೂ ಇತ್ತು.

ಪ್ರೋಗ್ರಾಂ ಬರೆಯಲು ಹೊರಟವರು ಈ ನಿಯಮಗಳನ್ನು ಒಂದೊಂದಾಗಿ ಸೇರಿಸಿ. ಪ್ರತಿ ಬಾರಿಯೂ ಹಳೆಯ ಆವೃತ್ತಿಯ ಎದುರು, ಸಮಾನ ಸಮಯದಲ್ಲಿ ಸಾವಿರಾರು ಆಟ ಆಡಿಸಿ ನೋಡಿ. ಒಗಟು ಬಿಡಿಸುವುದರಲ್ಲಿ ಚುರುಕಾದರೂ ಆಟ ಗೆಲ್ಲಿಸದ ನಿಯಮವನ್ನು ತೆಗೆದುಹಾಕಿ.